ವಿದ್ವತ್ತಿನ ಜಗಲಿ ಯಾರದು?

ವಿದ್ವಾಂಸರು ತಮ್ಮೊಳಗೆ ಏನು ಮಾತಾಡಿಕೊಳ್ಳುತ್ತಾರೆ ಅನ್ನೋದು ಬಹಳ ಕಾಲ ಹೊರಗಿನವರ ಕಿವಿಗೆ ಬೀಳುತ್ತಿರಲಿಲ್ಲ. ಬೀಳಬಾರದು ಎಂಬುದೇ ಅಲ್ಲಿನ ಏರ್ಪಾಟು. ಒಬ್ಬ ಸಂಶೋಧಕ ಪ್ರಬಂಧ ಬರೆದು ಕಳಿಸುತ್ತಾನೆ. ಅದನ್ನು ಇಬ್ಬರೋ ಮೂವರೋ ಹೆಸರು ಮರೆಸಿಕೊಂಡು ಓದಿ ಸಂಪಾದಕನಿಗೆ ಗುಟ್ಟಾಗಿ ಬರೆಯುತ್ತಾರೆ. ಆತ ಹೂಂ ಅಂದರೆ ಅದು ಜ್ಞಾನ, ಊಹೂಂ ಅಂದರೆ ರದ್ದಿ. ಗರ್ಭಗುಡಿಯೊಳಗೆ ಏನು ನಡೆಯಿತು ಅಂತ ಹೊರಗೆ ನಿಂತವನು ಕೇಳುವ ಹಾಗಿಲ್ಲ. ಕೊಟ್ಟ ತೀರ್ಥ ಕುಡಿದು ಹೋಗಬೇಕು, ಅಷ್ಟೆ.

ಕಳೆದ ಹದಿನೈದು ವರ್ಷಗಳಲ್ಲಿ ಈ ಗೋಡೆ ಬಿರುಕು ಬಿಟ್ಟಿದೆ. ಟ್ವಿಟರ್, ಫೇಸ್‌ಬುಕ್, ರಿಸರ್ಚ್‌ಗೇಟ್, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಂಶೋಧಕರು ಎಲ್ಲರೆದುರೇ ವಾದ ಮಾಡುತ್ತಿದ್ದಾರೆ, ಜಗಳ ಆಡುತ್ತಿದ್ದಾರೆ, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಬಯಲಿಗೆಳೆಯುತ್ತಿದ್ದಾರೆ. ಇದನ್ನು ಕಂಡು ಕೆಲವರು ಜ್ಞಾನದ ಪ್ರಜಾಪ್ರಭುತ್ವ ಬಂದೇ ಬಿಟ್ಟಿತು ಅಂತ ತಮಟೆ ಬಡಿಯುತ್ತಾರೆ. ಇನ್ನು ಕೆಲವರು ವಿದ್ವತ್ತು ಸಂತೆಗೆ ಬಿತ್ತು, ಮೈಲಿಗೆಯಾಯಿತು ಅಂತ ಗೋಳಾಡುತ್ತಾರೆ. ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಈ ಹೊಸ ಜಗಲಿಯನ್ನು ಕಟ್ಟಿಸಿದವರು ಯಾರು? ಅದರ ಮೇಲೆ ಕೂರುವವರು ಯಾರು? ಕೂತವರಲ್ಲಿ ಯಾರ ಮಾತು ಕೇಳಿಸುತ್ತದೆ?

1

ಮೊದಲು ಒಂದು ಭ್ರಮೆ ಕಳಚಿಕೊಳ್ಳಬೇಕು. ಈಗಿರುವ ಪದ್ಧತಿ ವೇದಕಾಲದಿಂದ ಬಂದದ್ದು ಅನ್ನುವಂತೆ ಮಾತಾಡುವ ಪಂಡಿತರಿದ್ದಾರೆ. ಯೂರೋಪಿನ ವಿಜ್ಞಾನಿಗಳು ಮೊದಮೊದಲು ಒಬ್ಬರಿಗೊಬ್ಬರು ಕಾಗದ ಬರೆದೇ ವಿದ್ವತ್ತು ನಡೆಸಿದವರು. 1665ರ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ತನಗೆ ಬರುತ್ತಿದ್ದ ಅಂಥ ಕಾಗದಗಳನ್ನೂ ವರದಿಗಳನ್ನೂ ಕಲೆಹಾಕಿ ಸ್ವಂತ ಖರ್ಚಿನಲ್ಲಿ 'ಫಿಲಸಾಫಿಕಲ್ ಟ್ರಾನ್ಸ್ಯಾಕ್ಷನ್ಸ್' ಎಂಬ ಪತ್ರಿಕೆ ತಂದ. ವಿದ್ವತ್ ಪತ್ರಿಕೆ ಹುಟ್ಟಿದ್ದೇ ಅಂಚೆಯ ಮಾತುಕತೆಯಿಂದ. ಇನ್ನು ಗುಟ್ಟಿನ ಪರಿಶೀಲನೆ? 1953ರಲ್ಲಿ ಡಿಎನ್‌ಎ ರಚನೆಯನ್ನು ಸಾರಿದ ವಾಟ್ಸನ್ ಮತ್ತು ಕ್ರಿಕ್ ಅವರ ಪ್ರಬಂಧವನ್ನು 'ನೇಚರ್' ಪತ್ರಿಕೆ ಹೊರಗಿನ ಪರಿಶೀಲಕರಿಗೆ ಕಳಿಸದೆ ಅಚ್ಚು ಮಾಡಿತು. ಆ ಪತ್ರಿಕೆ ಎಲ್ಲ ಪ್ರಬಂಧಗಳಿಗೂ ಪರಿಶೀಲನೆಯನ್ನು ಕಡ್ಡಾಯ ಮಾಡಿದ್ದು 1973ರಲ್ಲಿ. ಅಂದರೆ ಈ ಮಡಿಗೆ ಐವತ್ತು ಚಿಲ್ಲರೆ ವರ್ಷದ ವಯಸ್ಸು.

ಹಾಗಂತ ಗುಟ್ಟಿನ ಪರಿಶೀಲಕನನ್ನು ಖಳನಾಯಕ ಮಾಡಿಬಿಡುವುದೂ ಸುಲಭದ ಸುಳ್ಳು. 1936ರಲ್ಲಿ ಐನ್‌ಸ್ಟೈನ್ ಮತ್ತು ರೋಸೆನ್ ಸೇರಿ ಗುರುತ್ವದ ಅಲೆಗಳು ಇಲ್ಲವೆಂದು ವಾದಿಸುವ ಪ್ರಬಂಧವನ್ನು 'ಫಿಸಿಕಲ್ ರಿವ್ಯೂ'ಗೆ ಕಳಿಸಿದರು. ಸಂಪಾದಕ ಅದನ್ನು ಒಬ್ಬ ಪರಿಶೀಲಕನಿಗೆ ತೋರಿಸಿದ. ತಪ್ಪಿದೆ ಎಂಬ ಉತ್ತರ ಬಂತು. ನನ್ನನ್ನು ಕೇಳದೆ ಇನ್ನೊಬ್ಬರಿಗೆ ತೋರಿಸಿದ್ದೇಕೆ ಅಂತ ಐನ್‌ಸ್ಟೈನ್ ಸಿಟ್ಟಾಗಿ ಪ್ರಬಂಧ ವಾಪಸು ತೆಗೆದುಕೊಂಡರು. ಕೊನೆಗೆ ತಪ್ಪು ನಿಜವೆಂದು ತಿಳಿದು, ತೀರ್ಮಾನವನ್ನೇ ಬದಲಿಸಿ ಬೇರೊಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಆ ಪರಿಶೀಲಕ ಐನ್‌ಸ್ಟೈನರ ಹೆಸರಿಗೆ ಹೆದರಲಿಲ್ಲ. ಅವನ ಹೆಸರು ಹೊರಬೀಳುವಂತಿರಲಿಲ್ಲ ಅನ್ನೋದೂ ಆ ಧೈರ್ಯಕ್ಕೆ ಒಂದು ಕಾರಣ. ಈ ಮಾತನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

2

ಗೋಡೆ ಮೊದಲು ಬಿರುಕು ಬಿಟ್ಟದ್ದನ್ನು ಲೋಕವೇ ಕಂಡದ್ದು 2010ರ ಡಿಸೆಂಬರ್‌ನಲ್ಲಿ. ಅಮೆರಿಕದ ನಾಸಾ ಸಂಸ್ಥೆ ಪತ್ರಿಕಾಗೋಷ್ಠಿ ಕರೆದು, ಕ್ಯಾಲಿಫೋರ್ನಿಯಾದ ಮೋನೋ ಸರೋವರದ ಒಂದು ಸೂಕ್ಷ್ಮಜೀವಿ ರಂಜಕದ ಬದಲು ಆರ್ಸೆನಿಕ್ ಬಳಸಿ ಬದುಕಬಲ್ಲದು ಎಂದು ಸಾರಿತು. ಪ್ರಬಂಧ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತ್ತು. ಪರಿಶೀಲಕರು ಒಪ್ಪಿ ಮುದ್ರೆ ಒತ್ತಿದ್ದರು. ಎರಡೇ ದಿನದಲ್ಲಿ ಕೆನಡಾದ ಸೂಕ್ಷ್ಮಜೀವಿ ವಿಜ್ಞಾನಿ ರೋಸಿ ರೆಡ್‌ಫೀಲ್ಡ್ ತಮ್ಮ ಬ್ಲಾಗಿನಲ್ಲಿ ಆ ಪ್ರಯೋಗವನ್ನು ಒಂದೊಂದಾಗಿ ಬಿಡಿಸಿಟ್ಟರು: ಡಿಎನ್‌ಎಯನ್ನು ಸರಿಯಾಗಿ ತೊಳೆದಿಲ್ಲ, ಬೆಳೆಸಿದ ದ್ರಾವಣದಲ್ಲೇ ರಂಜಕದ ಅಂಶ ಉಳಿದಿದೆ. ಟ್ವಿಟರ್‌ನಲ್ಲಿ ಆ ಮಾತಿಗೆ ಮಾತು ಕೂಡಿ ಅದು ಲೋಕದ ಚರ್ಚೆಯಾಯಿತು.

ಆಗ ನಾಸಾದ ಕಡೆಯಿಂದ ಬಂದ ಉತ್ತರವೇನು? ಇಂಥ ವಿಷಯವನ್ನು ಪತ್ರಿಕೆಗಳಲ್ಲಿ, ಬ್ಲಾಗುಗಳಲ್ಲಿ ಚರ್ಚಿಸುವುದು ತಕ್ಕದ್ದಲ್ಲ ಎಂಬ ಅರ್ಥದ ಮಾತು. ಪತ್ರಿಕಾಗೋಷ್ಠಿ ಕರೆದು ಡಂಗುರ ಸಾರಿದವರು ಇವರೇ! ಹೊಗಳಿಕೆಗೆ ಬೀದಿ ಆಗುತ್ತದೆ, ಪ್ರಶ್ನೆಗೆ ಮಾತ್ರ ಒಳಮನೆಗೆ ಬನ್ನಿ ಅಂದರೆ ಇದು ಯಾವ ನ್ಯಾಯ? ರೆಡ್‌ಫೀಲ್ಡ್ ಸುಮ್ಮನಾಗಲಿಲ್ಲ. ಆ ಜೀವಿಯನ್ನು ತರಿಸಿ, ತಮ್ಮ ಪ್ರಯೋಗಾಲಯದ ಪ್ರತಿ ಹೆಜ್ಜೆಯನ್ನೂ ಎಲ್ಲರಿಗೂ ಕಾಣುವಂತೆ ಬರೆಯುತ್ತಾ ಪ್ರಯೋಗ ಮಾಡಿದರು. 2012ರಲ್ಲಿ ಅದೇ 'ಸೈನ್ಸ್' ಪತ್ರಿಕೆ ಮೂಲ ವಾದವನ್ನು ಅಲ್ಲಗಳೆಯುವ ಎರಡು ಪ್ರಬಂಧಗಳನ್ನು ಅಚ್ಚು ಮಾಡಬೇಕಾಯಿತು. ಒಂದು ರೆಡ್‌ಫೀಲ್ಡ್ ತಂಡದ್ದು. ಮೂಲ ಪ್ರಬಂಧವನ್ನು ಪತ್ರಿಕೆ ಹಿಂತೆಗೆದುಕೊಂಡದ್ದು 2025ರ ಜುಲೈನಲ್ಲಿ, ಅದೂ ಲೇಖಕರು ಒಪ್ಪದೆ. ಬೀದಿಗೆ ಎರಡು ದಿನ ಸಾಕಾಯಿತು. ಒಳಮನೆಗೆ ಹದಿನಾಲ್ಕು ವರ್ಷ ದಾಟಿತು.

3

ನಮ್ಮ ಬೆಂಗಳೂರಿನಲ್ಲೇ ನಡೆದ ಕಥೆಯನ್ನು ನೋಡೋಣ. 2018ರ ಜುಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು ಆರ್ಕೈವ್ ಎಂಬ ಜಾಲತಾಣದಲ್ಲಿ ಒಂದು ಪ್ರಬಂಧ ಇಟ್ಟರು. ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಶುರುಮಾಡಿದ ತಾಣ ಅದು. ಪತ್ರಿಕೆಯ ಒಪ್ಪಿಗೆಗೆ ಕಾಯದೆ ಪ್ರಬಂಧವನ್ನು ಎಲ್ಲರ ಮುಂದೆ ಇಡಬಹುದು, ಓದುವವರು ಕಾಸು ಕೊಡಬೇಕಿಲ್ಲ. ಚಿನ್ನದೊಳಗೆ ಬೆಳ್ಳಿಯ ನ್ಯಾನೋ ಕಣಗಳನ್ನು ಕೂರಿಸಿದ ಪದಾರ್ಥವೊಂದು 236 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ 37 ಡಿಗ್ರಿ ಸೆಲ್ಸಿಯಸ್ ಕೆಳಗೆ, ತಡೆಯೇ ಇಲ್ಲದೆ ವಿದ್ಯುತ್ ಹರಿಸುತ್ತದೆ ಎಂಬುದು ಅವರ ವಾದ. ಅಂಥ ಅತಿವಾಹಕತೆಗೆ ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಕೊರೆಯುವ ಚಳಿ ಬೇಕು. ಸಾಮಾನ್ಯ ವಾತಾವರಣದ ಒತ್ತಡದಲ್ಲೇ ಇದು ನಿಜವಾದರೆ ನೊಬೆಲ್ ಮನೆ ಬಾಗಿಲಿಗೆ ಬಂದಂತೆ.

ಆಗಸ್ಟ್‌ನಲ್ಲಿ ಅಮೆರಿಕದ ಎಂಐಟಿಯ ಬ್ರಯಾನ್ ಸ್ಕಿನ್ನರ್ ಎಂಬ ಯುವ ಭೌತವಿಜ್ಞಾನಿ ಆ ಪ್ರಬಂಧದ ಒಂದು ಚಿತ್ರದಲ್ಲಿ ವಿಚಿತ್ರ ಕಂಡ. ಬೇರೆ ಬೇರೆ ಕಾಂತಕ್ಷೇತ್ರಗಳಲ್ಲಿ ಅಳೆದ ಎರಡು ಸಾಲುಗಳಲ್ಲಿ ಅಳತೆಯ ಸಣ್ಣ ಸಣ್ಣ ನಡುಕ ಒಂದೇ ರೀತಿ ಇತ್ತು. ಅಳತೆಯ ನಡುಕ ಅನ್ನೋದು ಮಳೆಹನಿ ಇದ್ದ ಹಾಗೆ. ಇವತ್ತು ಹಂಚಿನ ಮೇಲೆ ಬಿದ್ದ ಹನಿಗಳು ನಾಳೆ ಅದೇ ಜಾಗಕ್ಕೆ ಅದೇ ಲೆಕ್ಕದಲ್ಲಿ ಬೀಳುವುದಿಲ್ಲ. ಸ್ಕಿನ್ನರ್ ಇದನ್ನು ಆರ್ಕೈವ್‌ನಲ್ಲೂ ಟ್ವಿಟರ್‌ನಲ್ಲೂ ಹಾಕಿದ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರತಾಪ್ ರಾಯ್‌ಚೌಧುರಿ ಫೇಸ್‌ಬುಕ್‌ನಲ್ಲಿ ಬರೆದರು. ವಂಚನೆ ಎಂದು ತೀರ್ಪು ಕೊಡಲು ಅವಸರ ಬೇಡ, ಆ ನಡುಕ ಹಾಗೆ ಮರುಕಳಿಸುವುದಕ್ಕೆ ಭೌತಿಕ ಕಾರಣವೂ ಇರಬಹುದು ಅಂತ ಒಂದು ದಾರಿ ತೋರಿಸಿದರು. ಇದರ ನಡುವೆ ಇನ್ನೊಂದು ನಾಟಕ: ಹಿರಿಯ ಭೌತವಿಜ್ಞಾನಿ ಟಿ.ವಿ. ರಾಮಕೃಷ್ಣನ್ ಅವರ ಹೆಸರಿನಲ್ಲಿ ಯಾರೋ ರಾಯ್‌ಚೌಧುರಿಗೆ ಸುಳ್ಳು ಮಿಂಚಂಚೆ ಕಳಿಸಿದ್ದರು. ಅದೂ ಫೇಸ್‌ಬುಕ್‌ನಲ್ಲೇ ಬಯಲಾಯಿತು. ತಮ್ಮ ಫಲಿತಾಂಶವನ್ನು ಸ್ವತಂತ್ರ ತಜ್ಞರು ಪರೀಕ್ಷಿಸುತ್ತಿದ್ದಾರೆ ಎಂಬಷ್ಟೇ ಉತ್ತರ ಮೂಲ ಲೇಖಕರಿಂದ ಬಂತು. 2019ರ ಮೇ ತಿಂಗಳಲ್ಲಿ ಹೆಚ್ಚು ಲೇಖಕರ ಹೆಸರಿನೊಂದಿಗೆ ಪ್ರಬಂಧದ ದೊಡ್ಡ ರೂಪ ಬಂತು. ಆ ವಾದವನ್ನು ವಿಜ್ಞಾನ ಲೋಕ ಇಂದಿಗೂ ಒಪ್ಪಿಕೊಂಡಿಲ್ಲ.

ಈ ಪ್ರಸಂಗವನ್ನು ಎರಡು ಕಡೆಯಿಂದ ಓದಬೇಕು. ಒಂದು ಚಿತ್ರದ ಎರಡು ಸಾಲು ಚುಕ್ಕೆಗಳ ಮೇಲೆ ಲೋಕದ ಯಾವ ಮೂಲೆಯಲ್ಲಿ ಕೂತವನಾದರೂ ಪ್ರಶ್ನೆ ಎತ್ತಬಹುದು, ಆ ಪ್ರಶ್ನೆಯನ್ನು ಯಾವ ಸಂಪಾದಕನೂ ಮೇಜಿನ ಕೆಳಗೆ ತಳ್ಳುವಂತಿಲ್ಲ. ಇದು ದೊಡ್ಡ ಮಾತು. ಆದರೆ ಪ್ರಶ್ನೆ ಎತ್ತಿದವನು ಎಂಐಟಿಯವನು, ಅದಕ್ಕೆ ಉತ್ತರ ಹುಡುಕಿದವರು ಟಾಟಾ ಸಂಸ್ಥೆಯವರು. ಅದೇ ಚುಕ್ಕೆಗಳನ್ನು ನಮ್ಮ ರಾಯಚೂರಿನದೋ ಚಾಮರಾಜನಗರದ್ದೋ ಒಂದು ಸರ್ಕಾರಿ ಕಾಲೇಜಿನ ಹುಡುಗಿ ಕಂಡಿದ್ದರೆ? ಅವಳ ಟ್ವೀಟನ್ನು ಎಷ್ಟು ಜನ ಓದುತ್ತಿದ್ದರು? ಅವಳು ತನ್ನ ಗೈಡಿನ ಪ್ರಬಂಧದಲ್ಲೇ ಅಂಥದನ್ನು ಕಂಡಿದ್ದರೆ ಬರೆಯುವ ಧೈರ್ಯ ಮಾಡುತ್ತಿದ್ದಳೆ? ಪಿಎಚ್.ಡಿ. ಸಹಿ ಯಾರ ಕೈಲಿದೆ ಅನ್ನೋದು ಅವಳಿಗೆ ಗೊತ್ತು. ಐನ್‌ಸ್ಟೈನ್ ಕಥೆ ನೆನಪಿಡಿ ಅಂದದ್ದು ಇದಕ್ಕೆ. ಮುಚ್ಚಿದ ಕೋಣೆ ದೊಡ್ಡವರನ್ನು ಕಾಪಾಡಿದೆ, ನಿಜ. ಅದೇ ಕೋಣೆಯ ಕತ್ತಲು ಕೆಲವು ಸಲ ಚಿಕ್ಕವರನ್ನೂ ಕಾಪಾಡಿದೆ. ಬಯಲಲ್ಲಿ ಹೆಸರು ಹೇಳಿ ಮಾತಾಡಬಲ್ಲವನು ಕೆಲಸ ಕಾಯಂ ಆದವನು ಮಾತ್ರ.

4

ವೇಗದ ಮಾತು ಬರುತ್ತದೆ. 2020ರ ಜನವರಿ 11ರಂದು ಕೊರೋನಾ ವೈರಾಣುವಿನ ಜೀನ್ ನಕ್ಷೆಯನ್ನು ಚೀನಾದ ಝಾಂಗ್ ಯೋಂಗ್‌ಝೆನ್ ತಂಡದ ಪರವಾಗಿ ಎಡ್ವರ್ಡ್ ಹೋಮ್ಸ್ ಅಂತರ್ಜಾಲದಲ್ಲಿ ಇಟ್ಟು ಟ್ವಿಟರ್‌ನಲ್ಲಿ ಸುದ್ದಿ ಹಾಕಿದರು. ಅದನ್ನು ಹಿಡಿದುಕೊಂಡೇ ಪರೀಕ್ಷೆಯ ಕಿಟ್ಟುಗಳ, ಲಸಿಕೆಗಳ ಕೆಲಸ ಶುರುವಾಯಿತು. ಪತ್ರಿಕೆಯ ಒಪ್ಪಿಗೆಗೆ ಕಾದಿದ್ದರೆ ಇನ್ನೆಷ್ಟು ಹೆಣ ಬೀಳುತ್ತಿದ್ದವೋ. ಅದೇ ತಿಂಗಳ ಕೊನೆಯಲ್ಲಿ ದೆಹಲಿಯ ಸಂಶೋಧಕರ ಒಂದು ತಂಡ ಈ ವೈರಾಣುವಿಗೂ ಎಚ್‌ಐವಿಗೂ ಹೋಲಿಕೆಯಿದೆ ಎಂಬ ಕರಡು ಪ್ರಬಂಧವನ್ನು ಬಯೋಆರ್ಕೈವ್‌ನಲ್ಲಿ ಇಟ್ಟಿತು. ಟ್ವಿಟರ್‌ನಲ್ಲಿ ವಿಜ್ಞಾನಿಗಳು ಅದರ ಪೊಳ್ಳನ್ನು ತೋರಿಸಿದರು; ಎರಡೇ ದಿನದಲ್ಲಿ ಲೇಖಕರು ಅದನ್ನು ವಾಪಸು ಪಡೆದರು. ಆದರೆ ಯಾರೋ ಈ ರೋಗವನ್ನು ಬೇಕೆಂದೇ ತಯಾರಿಸಿದ್ದಾರೆ ಅನ್ನುವವರಿಗೆ ಅಷ್ಟರಲ್ಲಿ ಮೇವು ಸಿಕ್ಕಿಬಿಟ್ಟಿತ್ತು. ಸುಳ್ಳು ಹಬ್ಬುವ ದಾರಿಯೂ ಅದೇ, ತಿದ್ದುಪಡಿ ಬರುವ ದಾರಿಯೂ ಅದೇ. ಮನೆ ಮನೆಗೆ ಹೋದದ್ದು ಸುಳ್ಳು, ತಿದ್ದುಪಡಿ ವಿಜ್ಞಾನಿಗಳ ಓಣಿಯಲ್ಲೇ ಉಳಿಯಿತು.

5

ಇನ್ನು ಪುಸ್ತಕದ ಬಾಗಿಲು. ಸಂಶೋಧನೆಗೆ ಹಣ ಕೊಡುವುದು ಬಹುಮಟ್ಟಿಗೆ ಜನರ ತೆರಿಗೆ. ಬರೆಯುವವರು ಕಾಸಿಲ್ಲದೆ ಬರೆಯುತ್ತಾರೆ, ಪರಿಶೀಲಿಸುವವರು ಕಾಸಿಲ್ಲದೆ ಪರಿಶೀಲಿಸುತ್ತಾರೆ. ಆಮೇಲೆ ಅದನ್ನು ಓದಬೇಕಾದರೆ ಪ್ರಕಾಶಕ ಕಂಪನಿಗೆ ಕಾಸು ಕೊಡಬೇಕು. ಉತ್ತವನೊಬ್ಬ, ಬಿತ್ತಿದವನೊಬ್ಬ, ರಾಶಿ ಮಾತ್ರ ಧಣಿಯ ಕಣಜಕ್ಕೆ!

ಇದಕ್ಕೆ ಸಂಶೋಧಕರು ತಾವೇ ಕಂಡುಕೊಂಡ ದಾರಿಗಳು ಸಾಮಾಜಿಕ ಮಾಧ್ಯಮದಲ್ಲಿ ಬೆಳೆದವು. 2011ರಿಂದ ಟ್ವಿಟರ್‌ನಲ್ಲಿ 'ಐ ಕ್ಯಾನ್ ಹ್ಯಾಝ್ ಪಿಡಿಎಫ್' ಎಂಬ ಗುರುತು ಹಾಕಿ ಬೇಕಾದ ಪ್ರಬಂಧ ಕೇಳಿದರೆ, ದೊಡ್ಡ ಗ್ರಂಥಾಲಯವಿದ್ದವರು ಕಳಿಸಿಕೊಡುತ್ತಿದ್ದರು. ಜೆಸ್ಟೋರ್‌ನಿಂದ ರಾಶಿ ರಾಶಿ ಪ್ರಬಂಧ ಇಳಿಸಿಕೊಂಡನೆಂದು ಅಮೆರಿಕ ಸರ್ಕಾರ ಮೊಕದ್ದಮೆ ಹೂಡಿದ್ದ ಆರನ್ ಸ್ವಾರ್ಟ್ಜ್ ಎಂಬ 26ರ ಹುಡುಗ 2013ರ ಜನವರಿಯಲ್ಲಿ ಪ್ರಾಣ ಕಳೆದುಕೊಂಡಾಗ, ಸಂಶೋಧಕರು ತಮ್ಮ ತಮ್ಮ ಪ್ರಬಂಧಗಳನ್ನು ಟ್ವಿಟರ್‌ನಲ್ಲಿ ಹಂಚಿ ಶ್ರದ್ಧಾಂಜಲಿ ಸಲ್ಲಿಸಿದರು. ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಕ್ಯಾನ್ 2011ರಲ್ಲಿ ಸೈ-ಹಬ್ ಕಟ್ಟಿದಳು. ನಮ್ಮ ದೇಶದ ಎಷ್ಟೋ ಪಿಎಚ್.ಡಿ.ಗಳು ಅದರ ಅನ್ನ ಉಂಡು ಬೆಳೆದವು. 2020ರ ಡಿಸೆಂಬರ್‌ನಲ್ಲಿ ಎಲ್ಸೆವಿಯರ್, ವೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿ ಸೇರಿ ದೆಹಲಿ ಹೈಕೋರ್ಟಿಗೆ ಹೋದವು. ಭಾರತದ ವಿಜ್ಞಾನಿಗಳು ಟ್ವಿಟರ್‌ನಲ್ಲಿ ಸೈ-ಹಬ್ ಪರ ದನಿ ಎತ್ತುತ್ತಿದ್ದ ಹೊತ್ತಿಗೇ, 2021ರ ಜನವರಿಯಲ್ಲಿ, ಟ್ವಿಟರ್ ಸೈ-ಹಬ್‌ನ ಖಾತೆಯನ್ನು ಕಿತ್ತುಹಾಕಿತು. 2025ರ ಆಗಸ್ಟ್‌ನಲ್ಲಿ ಆ ತಾಣವನ್ನೇ ಮುಚ್ಚಿಸುವಂತೆ ಕೋರ್ಟು ಆದೇಶಿಸಿತು.

ಸರ್ಕಾರದ ಉತ್ತರ 'ಒಂದು ದೇಶ ಒಂದು ಚಂದಾ'. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಸಂಸ್ಥೆಗಳಿಗೆ ಸಿಗುತ್ತವೆ. ತಾಲ್ಲೂಕಿನ ಸರ್ಕಾರಿ ಕಾಲೇಜಿನ ಹುಡುಗನಿಗೆ ಇದರಿಂದ ಉಪಕಾರವಿದೆ, ಇಲ್ಲ ಅನ್ನಲಾರೆವು. ಆದರೆ ಕಣಜದ ಬೀಗ ಒಡೆಯಲಿಲ್ಲ. ಧಣಿಗೆ 6,000 ಕೋಟಿ ಕೊಟ್ಟು ಮೂರು ವರ್ಷಕ್ಕೆ ಬಾಗಿಲು ತೆರೆಸಿದ್ದಾಯಿತು. ಸಂಸ್ಥೆಯ ಗುರುತಿನ ಚೀಟಿ ಇಲ್ಲದ ಸಂಶೋಧಕ ಇನ್ನೂ ಬಾಗಿಲ ಹೊರಗೇ ಇದ್ದಾನೆ.

6

ಈಗ ಜಗಲಿಯ ಒಡೆಯನ ವಿಷಯ. 2022ರ ಅಕ್ಟೋಬರ್‌ನಲ್ಲಿ ಎಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡ. ಹಣ ಕೊಟ್ಟವನ ಮಾತನ್ನು ಮುಂದೆ ತಂದು ಕೂರಿಸುವ ಏರ್ಪಾಟು ಬಂತು. ಅಲ್ಲಿನ ಮಾತುಕತೆಯನ್ನು ಅಧ್ಯಯನ ಮಾಡಲು ಸಂಶೋಧಕರಿಗೆ ಬಿಟ್ಟಿಯಾಗಿ ಸಿಗುತ್ತಿದ್ದ ದಾಖಲೆಯ ದಾರಿ 2023ರಲ್ಲಿ ಮುಚ್ಚಿತು. ಅದೇ ವರ್ಷ ಜುಲೈನಲ್ಲಿ ಹೆಸರೂ ಎಕ್ಸ್ ಎಂದಾಯಿತು. ಹತ್ತು ವರ್ಷ ಕೂತು ಕಟ್ಟಿದ ನಂಟು, ನಡೆಸಿದ ವಾದಗಳೆಲ್ಲ ಒಬ್ಬನ ಮರ್ಜಿಗೆ ಬಿದ್ದವು. ಸಂಶೋಧಕರು ಮಾಸ್ಟಡಾನ್ ಕಡೆಗೋ ಬ್ಲೂಸ್ಕೈ ಕಡೆಗೋ ಗಂಟುಮೂಟೆ ಕಟ್ಟಿದರು. ಫೇಸ್‌ಬುಕ್‌ನ ಸುದ್ದಿ ಹರಿಯುವ ದಾರಿಯನ್ನು ಅಳೆಯಲು ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಸಾಧನವನ್ನು ಮೆಟಾ ಕಂಪನಿ 2024ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಬಾಡಿಗೆ ಜಗಲಿಯಲ್ಲಿ ಕೂತವನಿಗೆ ಎದ್ದು ಹೋಗು ಅನ್ನಲು ನೋಟೀಸೂ ಬೇಕಿಲ್ಲ.

ಒಡೆಯ ಬಂದರೆ ತಕ್ಕಡಿಯೂ ಬರುತ್ತದೆ. 2010ರಲ್ಲಿ ಜೇಸನ್ ಪ್ರೀಮ್ ಮತ್ತು ಮೂವರು ಗೆಳೆಯರು ಆಲ್ಟ್‌ಮೆಟ್ರಿಕ್ಸ್ ಎಂಬ ಪ್ರಣಾಳಿಕೆ ಹೊರಡಿಸಿದರು. ಪ್ರಬಂಧದ ಬೆಲೆಯನ್ನು ಬರೀ ಉಲ್ಲೇಖಗಳಿಂದ ಅಳೆಯಬೇಡಿ, ಜನ ಅದನ್ನು ಎಲ್ಲೆಲ್ಲಿ ಓದಿ ಮಾತಾಡುತ್ತಾರೆ ಅದನ್ನೂ ಲೆಕ್ಕಕ್ಕೆ ತನ್ನಿ ಎಂಬುದು ಅವರ ಆಶಯ. ಒಳ್ಳೆಯ ಆಶಯವೇ. ಇವತ್ತು ಅದು ಪ್ರಬಂಧದ ಪಕ್ಕದಲ್ಲಿ ಬಣ್ಣ ಬಣ್ಣದ ಚಕ್ರವಾಗಿ, ಅಂಕಿಯಾಗಿ ಕೂತಿದೆ. ಅಂಕಿ ಕಂಡ ಕೂಡಲೆ ಬಡ್ತಿಯ ಅರ್ಜಿಗೆ ಅದು ಹತ್ತಿಕೊಳ್ಳುತ್ತದೆ. 2014ರಲ್ಲಿ ನೀಲ್ ಹಾಲ್ ಎಂಬ ವಿಜ್ಞಾನಿ ಟ್ವಿಟರ್ ಹಿಂಬಾಲಕರ ಸಂಖ್ಯೆಯನ್ನು ಉಲ್ಲೇಖಗಳ ಸಂಖ್ಯೆಯೊಂದಿಗೆ ತೂಗಿ 'ಕರ್ದಾಶಿಯನ್ ಸೂಚ್ಯಂಕ' ಎಂದು ತಮಾಷೆ ಮಾಡಿದ. ನಗುವವರು ನಕ್ಕರು, ಆದರೆ ಹಿಂಬಾಲಕರನ್ನು ಎಣಿಸುವ ಚಟ ನಿಲ್ಲಲಿಲ್ಲ.

7

ಈ ತಕ್ಕಡಿಯಲ್ಲಿ ನಮ್ಮ ತೂಕ ಎಷ್ಟು? ಯಂತ್ರ ಎಣಿಸುವುದು ಬಹುಮಟ್ಟಿಗೆ ಡಿಒಐ ಎಂಬ ಗುರುತು ಸಂಖ್ಯೆ ಇರುವ ಪ್ರಬಂಧಗಳನ್ನು. ಕನ್ನಡದಲ್ಲಿ ಬರೆದ ಬಹುಪಾಲು ಸಂಶೋಧನೆಗೆ ಆ ಸಂಖ್ಯೆಯೇ ಇಲ್ಲ. ಹಳ್ಳಿ ತಿರುಗಿ ಕಥನ ಕಾವ್ಯ ಕೂಡಿಸಿದವನ ಪುಸ್ತಕದ ಬಗ್ಗೆ ಕನ್ನಡದಲ್ಲಿ ಸಾವಿರ ಜನ ಮಾತಾಡಿದರೂ ಯಂತ್ರಕ್ಕೆ ಅದು ಮೌನ.

ಎಣಿಕೆಗೆ ಮೊದಲೇ ಇನ್ನೊಂದು ಜರಡಿ ಇದೆ. ದೇಶದ ಮುಂಚೂಣಿಯ ಐದು ಐಐಟಿಗಳಲ್ಲಿ ಪೂರ್ಣ ಪ್ರಾಧ್ಯಾಪಕರಲ್ಲಿ ಶೇ. 98 ಮಂದಿ ಮೇಲ್ಜಾತಿಯವರು ಎಂದು 'ನೇಚರ್' ಪತ್ರಿಕೆಯೇ 2023ರ ಜನವರಿಯಲ್ಲಿ ಲೆಕ್ಕ ಕೊಟ್ಟಿತು. ಜಗಲಿ ಬಯಲಾದರೂ ಮಾತಿನ ಬಲ ಬರುವುದು ಹೆಸರಿನ ಪಕ್ಕದ ಸಂಸ್ಥೆಯಿಂದ. ಸಂಸ್ಥೆ ಅವರದಾದರೆ ಹಿಂಬಾಲಕರೂ ಅವರಿಗೇ. ಹಳೆಯ ಅಗ್ರಹಾರ ಹೊಸ ಬೀದಿಗೆ ಮನೆ ಬದಲಿಸಿದೆ ಅಷ್ಟೆ.

ಬಾಗಿಲು ಮುಚ್ಚಿದಾಗ ತಾನೇ ಅಚ್ಚು ಹಾಕಿ ಬಯಲಿಗೆ ಇಡುವುದು ನಮಗೆ ಅಮೆರಿಕ ಕಲಿಸಿದ್ದಲ್ಲ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅಧ್ಯಕ್ಷ ಭಾಷಣಕ್ಕೆ ಅಂಬೇಡ್ಕರರನ್ನು ಕರೆದು, ಬರೆದದ್ದನ್ನು ಓದಿ ಬೆದರಿ ಸಮ್ಮೇಳನವನ್ನೇ ಕೈಬಿಟ್ಟಿತು. ಅವರು 'ಜಾತಿ ವಿನಾಶ'ವನ್ನು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಮಾಡಿಸಿದರು. ಎರಡು ತಿಂಗಳಲ್ಲಿ ಮುಗಿದವು. ಗಾಂಧಿ 'ಹರಿಜನ'ದಲ್ಲಿ ಟೀಕಿಸಿದರು. ಆ ಟೀಕೆಯನ್ನೂ ತಮ್ಮ ಉತ್ತರವನ್ನೂ ಅಂಬೇಡ್ಕರ್ ಮುಂದಿನ ಮುದ್ರಣದಲ್ಲಿ ಒಟ್ಟಿಗೆ ಇಟ್ಟರು. ಎದುರಾಳಿಯ ಮಾತನ್ನು ಮುಚ್ಚಿಡದೆ ಜೊತೆಯಲ್ಲೇ ಕೊಡುವ ಈ ವಿದ್ವತ್ ನಡತೆ ಇವತ್ತಿನ ಟ್ವೀಟು ಶೂರರಿಗೆ ಬಂದೀತೆ?

ಆದರೆ ನಿರಾಶೆಯ ಹಾಡು ಹಾಡಲು ನಾವು ಕೂತಿಲ್ಲ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಕಿತ್ತಯ್ಯನೆಂಬುವನ ಹೆಸರಿನ ಕಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಅದನ್ನು ಗುರುತಿಸಿ ಕಾಪಾಡಿದವರು ಶಾಸನದ ಕಲ್ಲುಗಳ ಹಿಂದೆ ಬಿದ್ದಿದ್ದ ಸಾಮಾನ್ಯ ಹವ್ಯಾಸಿಗಳು. ಊರಿನವರೇ ಅದಕ್ಕೆ ಮಂಟಪ ಕಟ್ಟಿದರು. ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ತಂದಾಗ ಊರಿನ ಜನ ಕಲ್ಲು ತೋರಿಸುವವರು ಮಾತ್ರ ಆಗಿದ್ದರು. ಇವತ್ತು ಫೋನಿನಲ್ಲಿ ಚಿತ್ರ ತೆಗೆದು ಕಳಿಸುವವನು, ಅಕ್ಷರ ಓದುವವನು, ಓದು ತಪ್ಪೆಂದು ಹೇಳುವವನು ಒಂದೇ ಗುಂಪಿನಲ್ಲಿ ಕೂತು ಕನ್ನಡದಲ್ಲೇ ವಾದ ಮಾಡಬಹುದು. ಸಾಮಾಜಿಕ ಮಾಧ್ಯಮದಿಂದ ವಿದ್ವತ್ತಿಗೆ ನಿಜವಾದ ಲಾಭ ಏನು ಅಂತ ಕೇಳಿದರೆ ಈ ಕಲ್ಲಿನ ಕಡೆ ಬೆರಳು ತೋರಿಸುತ್ತೇವೆ. ಆದರೆ ಆ ಮಾತುಕತೆ ನಡೆಯುವ ಗುಂಪೂ ಕಂಪನಿಯದೇ ಅನ್ನೋದನ್ನು ಮರೆಯಬಾರದು.

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟವಿರಬೇಕು. ಜನರ ಹಣದಿಂದ ನಡೆದ ಸಂಶೋಧನೆ ಜನರಿಗೆ ಬಿಟ್ಟಿಯಾಗಿ ಸಿಗಬೇಕು. ನಮ್ಮ ವಿಶ್ವವಿದ್ಯಾಲಯಗಳು ಮಸ್ಕನ ಜಗಲಿಯಲ್ಲಿ ಕೂರುವುದರ ಜೊತೆಗೆ ಸ್ವಂತ ಜಗಲಿ ಕಟ್ಟಬೇಕು. ಅಲ್ಲಿ ಕನ್ನಡದ ಪ್ರಬಂಧಕ್ಕೂ ಗುರುತು ಸಂಖ್ಯೆ, ಅದರ ಕೆಳಗೆ ಎಲ್ಲರಿಗೂ ಕಾಣುವ ಪ್ರಶ್ನೋತ್ತರ ಇರಬೇಕು. ಗೈಡಿನ ತಪ್ಪು ತೋರಿಸುವ ವಿದ್ಯಾರ್ಥಿಗೆ ಹೆಸರು ಮುಚ್ಚಿಕೊಳ್ಳುವ ಹಕ್ಕಿರಬೇಕು. ಹಿಂಬಾಲಕರ ಲೆಕ್ಕ ಬಡ್ತಿಯ ಅರ್ಜಿಯ ಹತ್ತಿರವೂ ಸುಳಿಯಕೂಡದು. ಇಷ್ಟನ್ನು ಕೇಳದೆ ಬರೀ ಟ್ವೀಟು ಮಾಡುತ್ತಾ ಕೂತರೆ ಗರ್ಭಗುಡಿಯ ಪೂಜಾರಿ ಹೋಗಿ ಮಾಲಿನ ಮಾಲೀಕ ಬಂದಂತಾಯಿತು. ಹೊರಗೆ ನಿಂತವರು ಆಗಲೂ ಹೊರಗೇ ನಿಂತಿರುತ್ತೇವೆ.